ಪಿಎಚ್‌ಡಿ ಜೊತೆಗೇ ಫ್ರೀಲ್ಯಾನ್ಸ್ ಬರವಣಿಗೆ: ಅಡ್ಡಗೆರೆ ಬಿದ್ದ ಪುಟಗಳಿಂದ ಶುರು ಮಾಡಿ

ನನ್ನ ಪಿಎಚ್‌ಡಿ ಪ್ರಬಂಧದಲ್ಲಿ ನೀರಗಂಟಿಗಳ ಬಗ್ಗೆ ಇರುವುದು ಹನ್ನೊಂದು ಪುಟ. ನನ್ನ ಫೀಲ್ಡ್ ನೋಟ್‌ಬುಕ್‌ಗಳಲ್ಲಿ ಅವರ ಬಗ್ಗೆ ಇದ್ದದ್ದು ಇನ್ನೂರಕ್ಕೂ ಜಾಸ್ತಿ. ಕೆರೆಯ ತೂಬು, ಅಂದರೆ ನೀರು ಬಿಡುವ ಬಾಗಿಲು ಎತ್ತಿ, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ನೋಡಿಕೊಂಡು, ಸುಗ್ಗಿಯಲ್ಲಿ ಕಣದಿಂದ ಕಾಳು ಪಡೆಯುತ್ತಿದ್ದ ಜನ ಅವರು. ರಾತ್ರಿ ಹೊತ್ತು ಕಾಲುವೆ ಹೇಗೆ ಕಾಯುತ್ತಿದ್ದರು, ಏರಿಯಲ್ಲಿ ನೀರು ಜಿನುಗುತ್ತಿದೆ ಅಂತ ಬರಿಗಾಲಿಗೆ ಹೇಗೆ ಗೊತ್ತಾಗುತ್ತಿತ್ತು, ಇವೆಲ್ಲ ಪ್ರಬಂಧಕ್ಕೆ ಬೇಕಾಗಲಿಲ್ಲ. ಗೈಡ್ ಆ ಪುಟಗಳಿಗೆ ಕೆಂಪು ಪೆನ್ನಿನಲ್ಲಿ ಅಡ್ಡಗೆರೆ ಎಳೆದು, 'ಚೆನ್ನಾಗಿದೆ, ಇಲ್ಲಿಗೆ ಬೇಡ' ಅಂತ ಬರೆದಿದ್ದರು. ನನ್ನ ಮೊದಲ ನಾಲ್ಕು ಲೇಖನ ಹುಟ್ಟಿದ್ದು ಆ ಅಡ್ಡಗೆರೆಯ ಕೆಳಗಿನಿಂದ.

ಸಂಶೋಧನೆ ಮಾಡುತ್ತಾ ಪತ್ರಿಕೆಗೆ ಬರೆಯಬೇಕು, ರೇಡಿಯೊದಲ್ಲಿ ಮಾತಾಡಬೇಕು, ಪಾಡ್‌ಕಾಸ್ಟ್ ಮಾಡಬೇಕು ಅಂತ ಆಸೆ ಇರುವ ಗೆಳೆಯರು ಮೊದಲು ಕೇಳುವುದೇ 'ಟೈಮ್ ಎಲ್ಲಿಂದ ಬರುತ್ತೆ?' ಅಂತ. ಎರಡನ್ನೂ ಎರಡು ಬೇರೆ ಕೆಲಸ ಅಂದುಕೊಂಡರೆ ಟೈಮ್ ನಿಜವಾಗಿಯೂ ಬರಲ್ಲ. ನಮ್ಮ ಕಡೆ ರಾಗಿ ಹೊಲದಲ್ಲಿ ಅಕ್ಕಡಿ ಸಾಲು ಹಾಕುತ್ತಾರಲ್ಲ, ಒಂದಷ್ಟು ಸಾಲಿಗೊಮ್ಮೆ ಅವರೆಯೋ ತೊಗರಿಯೋ, ಹಾಗೆ ಇದು. ಹೊಲ ಒಂದೇ, ಉಳುಮೆ ಒಂದೇ. ಆದರೆ ರಾಗಿ ಸೊರಗಿದರೆ ಬರೀ ಅಕ್ಕಡಿ ನಂಬಿಕೊಂಡು ವರ್ಷ ಕಳೆಯೋಕೆ ಆಗಲ್ಲ. ಈ ಲೆಕ್ಕ ತಲೆಯಲ್ಲಿ ಇಟ್ಟುಕೊಂಡೇ ಮುಂದಿನದನ್ನು ಓದಿ. ನನ್ನ ವಿಷಯ ಕೋಲಾರ ಕಡೆಯ ಕೆರೆಗಳು, ಹಾಗಾಗಿ ಉದಾಹರಣೆಗಳೂ ಅಲ್ಲಿಂದಲೇ ಬರುತ್ತವೆ. ನಿಮ್ಮದು ಹಳಗನ್ನಡವೋ ಬ್ಯಾಕ್ಟೀರಿಯಾವೋ ಆಗಿದ್ದರೂ ದಾರಿ ಹೆಚ್ಚುಕಡಿಮೆ ಇದೇ.

ಹೆಜ್ಜೆ 1: ಫೆಲೋಶಿಪ್ ಪತ್ರ ತೆಗೆದು ಪೂರ್ತಿ ಓದಿ

ಬೇಜಾರಿನ ಕೆಲಸ, ಆದರೆ ಮೊದಲು ಇದೇ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) ಜೆಆರ್‌ಎಫ್, ಅಂದರೆ ಕಿರಿಯ ಸಂಶೋಧಕರ ಫೆಲೋಶಿಪ್ ಇದ್ದರೆ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ, ಎಸ್‌ಆರ್‌ಎಫ್ (ಹಿರಿಯ ಸಂಶೋಧಕರ ಫೆಲೋಶಿಪ್) ಆದ ಮೇಲೆ 42,000, ಜೊತೆಗೆ ಮನೆ ಬಾಡಿಗೆ ಭತ್ಯೆ. ಆ ದುಡ್ಡಿನ ಜೊತೆ ನೀವು ಸಹಿ ಹಾಕಿದ ಮುಚ್ಚಳಿಕೆಯೂ ಇರುತ್ತದೆ: ಪೂರ್ಣಾವಧಿ ಸಂಶೋಧನೆ ಮಾಡುತ್ತೇನೆ, ಬೇರೆ ಕಡೆ ಸಂಬಳದ ಕೆಲಸ ಹಿಡಿಯುವುದಿಲ್ಲ ಅಂತ. ಪತ್ರಿಕೆಯೊಂದಕ್ಕೆ ಯಾವಾಗಲೋ ಒಂದು ಲೇಖನ ಬರೆದು ಗೌರವಧನ ತಗೊಳ್ಳುವುದು ಬೇರೆ, ಪ್ರತಿ ತಿಂಗಳು ನಿಗದಿತ ಮೊತ್ತಕ್ಕೆ ಒಪ್ಪಂದ ಮಾಡಿಕೊಳ್ಳುವುದು ಬೇರೆ. ಎರಡನೆಯದು ಕೆಲಸ ಅಂತಲೇ ಲೆಕ್ಕಕ್ಕೆ ಬರಬಹುದು. ಸುಮ್ನೆ ಊಹೆ ಮಾಡಿಕೊಂಡು ಕೂರಬೇಡಿ. 'ನನ್ನ ಸಂಶೋಧನೆಗೆ ಸಂಬಂಧಿಸಿದ ಜನಪ್ರಿಯ ಲೇಖನ ಬರೆಯಲು, ಬರುವ ಗೌರವಧನ ಸ್ವೀಕರಿಸಲು ಅನುಮತಿ ಕೊಡಿ' ಅಂತ ಒಂದು ಪುಟದ ಅರ್ಜಿಯನ್ನು ಗೈಡ್ ಮೂಲಕ, ವಿಭಾಗದ ಮುಖ್ಯಸ್ಥರ ಮೂಲಕ ಕೊಡಿ. ಉತ್ತರ ಬರವಣಿಗೆಯಲ್ಲೇ ಬರಲಿ. ಬಾಯಿಮಾತಿನ 'ಅಡ್ಡಿಯಿಲ್ಲ ಬಿಡಿ' ಅನ್ನುವುದು ಮುಖ್ಯಸ್ಥರು ಬದಲಾದ ದಿನವೇ ಮುಗಿಯುತ್ತದೆ.

ಸರ್ಕಾರಿ ಕಾಲೇಜಿನಲ್ಲಿ ಪಾಠ ಮಾಡುತ್ತಾ ಪಿಎಚ್‌ಡಿ ಮಾಡುತ್ತಿದ್ದರೆ ನಡತೆ ನಿಯಮಗಳು ಇನ್ನೂ ಬಿಗಿ, ಸರ್ಕಾರದ ನೀತಿಯನ್ನು ಟೀಕಿಸುವ ಬರಹಕ್ಕೆ ತೊಂದರೆ ಬರುತ್ತದೆ. ಹೊರದೇಶದಲ್ಲಿ ಓದುತ್ತಿರುವ ನಮ್ಮವರು ಇನ್ನೂ ಹುಷಾರಾಗಿರಬೇಕು. ಬ್ರಿಟನ್‌ನ ಸ್ಟೂಡೆಂಟ್ ವೀಸಾದಲ್ಲಿ ಸ್ವಂತ ಉದ್ಯೋಗಕ್ಕೆ ಅವಕಾಶವೇ ಇಲ್ಲ. ಅಮೆರಿಕದ ಎಫ್-1 ವೀಸಾದಲ್ಲೂ ಅನುಮತಿ ಇಲ್ಲದೆ ಕ್ಯಾಂಪಸ್ ಹೊರಗಿನ ದುಡಿಮೆ ಮಾಡುವಂತಿಲ್ಲ. ಒಂದು ಲೇಖನದ ದುಡ್ಡಿಗೆ ವೀಸಾ ಕಳೆದುಕೊಳ್ಳುವುದು ಯಾರಿಗೆ ಬೇಕು? ಅಲ್ಲಿನ ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಕಚೇರಿಗೆ ಹೋಗಿ ಕೇಳಿ, ಆಮೇಲೆ ಬರೆಯಿರಿ.

ಹೆಜ್ಜೆ 2: ಎರಡನೇ ನೋಟ್‌ಬುಕ್

ಫೀಲ್ಡ್‌ನಿಂದ, ಲ್ಯಾಬ್‌ನಿಂದ ಅಥವಾ ಗ್ರಂಥಾಲಯದಿಂದ ಬಂದ ದಿನ ರಾತ್ರಿ ಹದಿನೈದು ನಿಮಿಷ ತೆಗೆದಿಡಿ. ಅವತ್ತಿನ ಟಿಪ್ಪಣಿಯಲ್ಲಿ ಪ್ರಬಂಧಕ್ಕೆ ಬೇಡವಾದದ್ದನ್ನು, ಆದರೆ ಮನೆಗೆ ಫೋನ್ ಮಾಡಿದಾಗ ನೀವು ಖಂಡಿತ ಹೇಳುವಂಥದ್ದನ್ನು, ಬೇರೆ ಪುಸ್ತಕಕ್ಕೆ ಬರೆದುಕೊಳ್ಳಿ. ನಾನು ಪ್ರತಿ ವಿಷಯಕ್ಕೂ ಮೂರೇ ಸಾಲು ಬರೆಯುತ್ತಿದ್ದೆ. ಏನು ನೋಡಿದೆ, ಯಾರು ಹೇಳಿದರು, ಇದನ್ನು ಓದಿ ಯಾರಿಗೆ ಆಶ್ಚರ್ಯವಾಗುತ್ತೆ. ಮೂರನೇ ಸಾಲು ಬರೆಯೋಕೆ ಆಗದಿದ್ದರೆ ಅದು ಇನ್ನೂ ಲೇಖನ ಆಗುವ ಹಂತಕ್ಕೆ ಬಂದಿಲ್ಲ. ಒಂದು ವರ್ಷದಲ್ಲಿ ನನ್ನ ಹತ್ತಿರ ಎಪ್ಪತ್ತು ವಿಷಯ ಸೇರಿದ್ದವು. ಲೇಖನವಾದದ್ದು ಹನ್ನೆರಡು.

ಇದೇ ಜಾಗದಲ್ಲಿ ಬ್ಯಾಕಪ್ ಮಾತು ಹೇಳಿಬಿಡುತ್ತೇನೆ. ಮೈಸೂರಿನವರೇ ಆದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರು ಹತ್ತಿರದ ಹಳ್ಳಿಯಲ್ಲಿ ಇದ್ದು ಬರೆದುಕೊಂಡಿದ್ದ ಟಿಪ್ಪಣಿಗಳನ್ನು ವರ್ಷಗಟ್ಟಲೆ ಕೂತು ಓರಣ ಮಾಡಿಟ್ಟಿದ್ದರು. 1970ರ ಏಪ್ರಿಲ್‌ನಲ್ಲಿ ಅವರು ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿದ್ದಾಗ ಕಿಡಿಗೇಡಿಗಳು ಹಚ್ಚಿದ ಬೆಂಕಿಯಲ್ಲಿ ಆ ಟಿಪ್ಪಣಿಗಳು ಸುಟ್ಟುಹೋದವು. ಮೂರು ಪ್ರತಿ ಇದ್ದವು, ಮೂರೂ ಅದೇ ಕೋಣೆಯಲ್ಲಿದ್ದವು. ಆಮೇಲೆ ಅವರು ಆ ಹಳ್ಳಿಯ ಬಗ್ಗೆ ನೆನಪಿನಿಂದ ಪುಸ್ತಕ ಬರೆದರು. ಅಂಥ ನೆನಪು ನಮಗೆಲ್ಲ ಇರಲ್ಲ. ಒಂದು ಪ್ರತಿ ಲ್ಯಾಪ್‌ಟಾಪ್‌ನಲ್ಲಿ, ಒಂದು ಕ್ಲೌಡ್‌ನಲ್ಲಿ, ಒಂದು ಊರಿನ ಮನೆಯಲ್ಲಿರುವ ಹಾರ್ಡ್‌ಡಿಸ್ಕ್‌ನಲ್ಲಿ ಇರಲಿ. ಬರೆದ ಪುಟಗಳ ಫೋಟೊವನ್ನು ಅವತ್ತೇ ತೆಗೆದುಕೊಳ್ಳಿ.

ಹೆಜ್ಜೆ 3: ಯಾವುದನ್ನು ಇನ್ನೂ ಹೇಳಬಾರದು ಅಂತ ಗೆರೆ ಎಳೆಯಿರಿ

ನಿಮ್ಮ ಪ್ರಬಂಧದ ಮುಖ್ಯ ಶೋಧ ಏನಿದೆಯೋ ಅದು ಜರ್ನಲ್‌ನಲ್ಲಿ ಬರುವ ಮುಂಚೆ ಪತ್ರಿಕೆಗೆ ಹೋಗಬಾರದು. ಬೇರೆ ಕಡೆ ಆಗಲೇ ಬಂದ ಫಲಿತಾಂಶವನ್ನು ನಾವು ಹಾಕಲ್ಲ ಅನ್ನುವ ನಿಯಮವನ್ನು 1969ರಲ್ಲಿ ಅಮೆರಿಕದ ಒಂದು ವೈದ್ಯಕೀಯ ಜರ್ನಲ್‌ನ ಸಂಪಾದಕರಾಗಿದ್ದ ಇಂಗೆಲ್‌ಫಿಂಗರ್ ತಂದರು, ಇವತ್ತಿಗೂ ಎಷ್ಟೋ ವಿಜ್ಞಾನ ಜರ್ನಲ್‌ಗಳು ಅದನ್ನು ಒಂದಲ್ಲ ಒಂದು ರೂಪದಲ್ಲಿ ಪಾಲಿಸುತ್ತವೆ. ಪೇಟೆಂಟ್ ಆಗಬಹುದಾದ ಕೆಲಸವಾದರೆ ಅರ್ಜಿ ಹಾಕುವ ಮೊದಲು ಒಂದು ಮಾತೂ ಹೊರಗೆ ಬೇಡ.

ಇನ್ನೊಂದು ತೊಡಕು ನನಗೆ ತಡವಾಗಿ ಗೊತ್ತಾಯಿತು. ಪ್ರಬಂಧ ಸಲ್ಲಿಸುವಾಗ ಹೋಲಿಕೆ ಪರೀಕ್ಷೆ ಮಾಡುತ್ತಾರೆ, ಆಗಲೇ ಪ್ರಕಟವಾದ ಬರಹದ ಜೊತೆ ಎಷ್ಟು ಹೊಂದುತ್ತೆ ಅಂತ ಸಾಫ್ಟ್‌ವೇರ್‌ನಲ್ಲಿ ನೋಡುತ್ತಾರೆ. ಯುಜಿಸಿಯ 2018ರ ನಿಯಮದಂತೆ ಹೋಲಿಕೆ 10% ಒಳಗಿದ್ದರೆ ತೊಂದರೆಯಿಲ್ಲ, ಅದರ ಮೇಲೆ ಹೋದರೆ ತಿದ್ದಿ ಮತ್ತೆ ಕೊಡಬೇಕು, ಇನ್ನೂ ಜಾಸ್ತಿಯಾದರೆ ಶಿಕ್ಷೆಯೂ ಇದೆ. ನೀವೇ ಪತ್ರಿಕೆಗೆ ಬರೆದ ಪ್ಯಾರಾವನ್ನು ಹಾಗೇ ಎತ್ತಿ ಪ್ರಬಂಧಕ್ಕೆ ಹಾಕಿದರೆ ಸಾಫ್ಟ್‌ವೇರ್ ಅದನ್ನೂ ಕೆಂಪಾಗಿಯೇ ತೋರಿಸುತ್ತದೆ. ಲೇಖನಕ್ಕೆ ಒಂದು ಭಾಷೆ, ಪ್ರಬಂಧಕ್ಕೆ ಒಂದು ಭಾಷೆ. ಎರಡನ್ನೂ ಬೇರೆಯಾಗಿಯೇ ಬರೆಯಿರಿ.

ಹೆಜ್ಜೆ 4: ಜನರನ್ನು ಎರಡು ಸಲ ಕೇಳಿ

ಈ ಹೆಜ್ಜೆಯಲ್ಲಿ ನಾನು ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ, ಯಾಕಂದ್ರೆ ನಾನು ತಪ್ಪು ಮಾಡಿದ್ದು ಇಲ್ಲೇ. ಒಬ್ಬ ಹಿರಿಯರು ತಮ್ಮೂರಲ್ಲಿ ರಾತ್ರಿ ತೂಬು ಎತ್ತಿದ ಒಂದು ಹಳೇ ಜಗಳದ ಕಥೆ ಹೇಳಿದ್ದರು. ಪ್ರಬಂಧದಲ್ಲಿ ಅವರಿಗೆ ಬರೀ ಒಂದು ಸಂಖ್ಯೆ ಇತ್ತು, ಊರಿನ ಹೆಸರೂ ಬದಲಾಗಿತ್ತು. ಲೇಖನ ಬರೆಯುವಾಗ ಕಥೆಗೆ ಜೀವ ಬರಲಿ ಅಂತ ಕೆರೆಯ ಹೆಸರು ಹಾಕಿಬಿಟ್ಟೆ. ಅವರ ಹೆಸರು ಹಾಕಿರಲಿಲ್ಲ. ಆದರೆ ಆ ಕೆರೆಗೆ ಇದ್ದದ್ದೇ ಒಬ್ಬ ನೀರಗಂಟಿ, ಊರಲ್ಲಿ ಎಲ್ಲರಿಗೂ ಗೊತ್ತಾಯಿತು. ಮುಂದಿನ ಸಲ ಹೋದಾಗ ಅವರು ಕಾಫಿ ಕೊಟ್ಟರು, ಮಾತಾಡಲಿಲ್ಲ. ಕೊನೆಗೆ ಒಂದೇ ಮಾತು ಕೇಳಿದರು: 'ಏನಮ್ಮಾ, ಪೇಪರ್‌ಗೆ ಹಾಕ್ತೀನಿ ಅಂತ ಅವತ್ತೇ ಹೇಳಬೋದಿತ್ತಲ್ಲ?' ನನ್ನ ಹತ್ತಿರ ಅವರ ಸಹಿ ಇದ್ದ ಒಪ್ಪಿಗೆ ಪತ್ರ ಇತ್ತು. ಅದು ಸಂಶೋಧನೆಗೆ ಕೊಟ್ಟ ಒಪ್ಪಿಗೆ.

ಅವತ್ತಿನಿಂದ ಎರಡು ಒಪ್ಪಿಗೆ ತಗೊಳ್ಳುತ್ತೇನೆ. ಮೊದಲನೆಯದು ಅಧ್ಯಯನಕ್ಕೆ, ಕಾಲೇಜಿನ ನಮೂನೆಯಲ್ಲಿ. ಎರಡನೆಯದು ಲೇಖನ ಬರೆಯುವ ಮುಂಚೆ, ಮತ್ತೆ ಫೋನ್ ಮಾಡಿ, ಇಂಥ ಪತ್ರಿಕೆಯಲ್ಲಿ ಇಂಥ ವಿಷಯ ಬರುತ್ತೆ, ನಿಮ್ಮ ಹೆಸರು, ಊರು, ಫೋಟೊ ಹಾಕಬಹುದಾ ಅಂತ ಒಂದೊಂದನ್ನೂ ಬಿಡಿಯಾಗಿ ಕೇಳಿ. ಅವರ ಮಾತು ಬರುವ ಭಾಗವನ್ನು ಅವರಿಗೆ ಓದಿ ಹೇಳುತ್ತೇನೆ. ಪತ್ರಕರ್ತರು ಪ್ರಕಟಣೆಗೆ ಮುಂಚೆ ಯಾರಿಗೂ ತೋರಿಸಲ್ಲ ಅನ್ನುವ ವಾದ ಇದೆ, ರಾಜಕಾರಣಿಯ ಸಂದರ್ಶನಕ್ಕೆ ಅದು ಸರಿ. ನಾವು ಮಾತ್ರ ಜನರ ಮನೆಯೊಳಗೆ ಹೋಗಿದ್ದು ಸಂಶೋಧಕರಾಗಿ. ನನ್ನ ಮಟ್ಟಿಗೆ ಈ ನಿಯಮದಲ್ಲಿ ರಾಜಿ ಇಲ್ಲ.

ಹೆಜ್ಜೆ 5: ಎಲ್ಲಿಗೆ ಕಳಿಸಬೇಕು

ಮೊದಲ ಲೇಖನಕ್ಕೆ ನೀವು ದಿನಾ ಓದುವ ಪತ್ರಿಕೆಯೇ ಸರಿ. ಪ್ರಜಾವಾಣಿ, ವಿಜಯ ಕರ್ನಾಟಕ, ಉದಯವಾಣಿ, ಕನ್ನಡಪ್ರಭ, ಸಂಯುಕ್ತ ಕರ್ನಾಟಕ, ವಾರ್ತಾಭಾರತಿ, ಒಂದೊಂದರ ಗುಣ ಒಂದೊಂದು. ಎರಡು ತಿಂಗಳ ಭಾನುವಾರದ ಪುರವಣಿಗಳನ್ನು ಎದುರಿಗೆ ಇಟ್ಟುಕೊಂಡು ಯಾವ ಉದ್ದದ, ಯಾವ ಬಗೆಯ ಲೇಖನ ಹಾಕುತ್ತಾರೆ ಅಂತ ನೋಡಿ. ವಿಜ್ಞಾನದವರಿಗೆ ಬೆಂಗಳೂರಿನ 'ರಿಸರ್ಚ್ ಮ್ಯಾಟರ್ಸ್' ಇದೆ, ಅದು ಸಂಶೋಧನೆಯ ಸುದ್ದಿಗಳನ್ನು ಕನ್ನಡದಲ್ಲೂ ಕೊಡುತ್ತದೆ. ಮಕ್ಕಳಿಗೆ ಬರೆಯುವ ಕೈ ಇದ್ದರೆ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ 'ಬಾಲವಿಜ್ಞಾನ' ಇದೆ. ಹಳ್ಳಿ, ಕೃಷಿ, ಕಸುಬುಗಳ ಮೇಲೆ ಕೆಲಸ ಮಾಡುವವರು ಪತ್ರಕರ್ತ ಪಿ. ಸಾಯಿನಾಥ್ 2014ರಲ್ಲಿ ಶುರು ಮಾಡಿದ, ಹಳ್ಳಿಗಳ ವರದಿಗೇ ಮೀಸಲಾದ 'ಪರಿ' ಜಾಲತಾಣವನ್ನು ನೋಡಲೇಬೇಕು. ಅಲ್ಲಿನ ವರದಿಗಳು ಕನ್ನಡದಲ್ಲೂ ಬರುತ್ತವೆ. 2011ರಲ್ಲಿ ಮೆಲ್ಬರ್ನ್‌ನಲ್ಲಿ ಹುಟ್ಟಿದ 'ದ ಕಾನ್ವರ್ಸೇಶನ್' ಜಾಲತಾಣ ಸಂಶೋಧಕರಿಂದಲೇ ಬರೆಸುತ್ತದೆ. ದುಡ್ಡು ಕೊಡಲ್ಲ, ಆದರೆ ಅಲ್ಲಿನ ಸಂಪಾದಕರು ನಿಮ್ಮ ಜೊತೆ ಕೂತ ಹಾಗೆ ಸಾಲು ಸಾಲು ತಿದ್ದುತ್ತಾರೆ.

ರೇಡಿಯೊ ಮರೆಯಬೇಡಿ. 1935ರಲ್ಲಿ ಮೈಸೂರಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ಒಂದು ಪುಟ್ಟ ಟ್ರಾನ್ಸ್‌ಮಿಟರ್ ಇಟ್ಟು ಬಾನುಲಿ ಕೇಂದ್ರ ನಡೆಸಿದರು. 'ಆಕಾಶವಾಣಿ' ಅನ್ನುವ ಹೆಸರು ಆ ಮನೆಯಿಂದಲೇ ಬಂದದ್ದು. ಪಾಠ ಮಾಡುತ್ತಲೇ ಮಾಧ್ಯಮ ನಡೆಸಿದ ಮೇಷ್ಟ್ರು ನಮ್ಮಲ್ಲೇ ಇದ್ದರು ನೋಡಿ. ಇವತ್ತಿಗೂ ಆಕಾಶವಾಣಿಯ ಭಾಷಣಕ್ಕೆ ಕರೆದರೆ ಬೇಡ ಅನ್ನಬೇಡಿ. ಹತ್ತು ನಿಮಿಷದಲ್ಲಿ ಒಂದು ಅಧ್ಯಾಯ ಹೇಳುವುದು ಕಲಿತರೆ ವೈವಾಗೂ (ಪ್ರಬಂಧದ ಮೌಖಿಕ ಪರೀಕ್ಷೆ) ಅದು ತಯಾರಿಯೇ.

ಹೆಜ್ಜೆ 6: ಸಂಪಾದಕರಿಗೆ ಪತ್ರ

ಪೂರ್ತಿ ಲೇಖನ ಬರೆದು ಕಳಿಸುವುದಕ್ಕಿಂತ ಮೊದಲು ಒಂದು ಚಿಕ್ಕ ಇಮೇಲ್ ಕಳಿಸಿ. ಅದರಲ್ಲಿ ಇರಬೇಕಾದದ್ದು ಏನು ವಿಷಯ, ಈಗಲೇ ಯಾಕೆ, ನೀವೇ ಯಾಕೆ, ಎಷ್ಟು ಪದ, ಯಾವ ದಿನಕ್ಕೆ ಕೊಡುತ್ತೀರಿ. 'ಈಗಲೇ ಯಾಕೆ' ಅನ್ನುವುದಕ್ಕೆ ಉತ್ತರ ಇಲ್ಲದ ಪತ್ರ ಮೂಲೆಗೆ ಹೋಗುತ್ತದೆ. ನನಗೆ ದಾರಿ ತೆರೆದ ಪತ್ರ ಹೀಗಿತ್ತು:

'ಮಾನ್ಯರೇ, ಬೆಂಗಳೂರಿನ ಕೊಳಚೆ ನೀರು ಸಂಸ್ಕರಣೆಯಾಗಿ ಕೆ.ಸಿ. ವ್ಯಾಲಿ ಯೋಜನೆಯಲ್ಲಿ 2018ರಿಂದ ಕೋಲಾರದ ಕೆರೆಗಳಿಗೆ ಬರುತ್ತಿದೆ. ಅಂತರ್ಜಲ ಹೆಚ್ಚಲಿ ಅನ್ನುವುದು ಯೋಜನೆಯ ಉದ್ದೇಶ, ಆ ನೀರನ್ನು ನೇರವಾಗಿ ಗದ್ದೆಗೆ ಬಿಡುವಂತಿಲ್ಲ. ಕೆರೆ ತುಂಬಿದೆ, ತೂಬು ಮುಚ್ಚಿದೆ. ಹಾಗಾದರೆ ತಲೆಮಾರುಗಳಿಂದ ತೂಬು ಎತ್ತುತ್ತಿದ್ದ ನೀರಗಂಟಿ ಈಗ ಏನು ಮಾಡುತ್ತಿದ್ದಾನೆ? ಮೂರು ವರ್ಷದಿಂದ ಈ ಕೆರೆಗಳ ಮೇಲೆ ಸಂಶೋಧನೆ ಮಾಡುತ್ತಿದ್ದೇನೆ. ಮಾರ್ಚ್ 22ರ ವಿಶ್ವ ಜಲ ದಿನಕ್ಕೆ 900 ಪದಗಳಲ್ಲಿ ಬರೆದುಕೊಡಬಲ್ಲೆ, ಫೋಟೊಗಳೂ ಇವೆ.'

ಅಷ್ಟೇ. ಪದವಿಗಳ ಪಟ್ಟಿ ಬೇಡ, ಪ್ರಬಂಧದ ಸಾರಾಂಶ ಬೇಡ. ದಿನಾಚರಣೆಗೆ ಮೂರು ವಾರ ಮುಂಚೆ ಕಳಿಸಿ. ಹತ್ತು ದಿನ ಕಾದು ಒಂದು ಸಲ ನೆನಪಿಸಿ, ಉತ್ತರ ಬರದಿದ್ದರೆ ಬೇರೆ ಕಡೆ ಕಳಿಸುತ್ತೇನೆ ಅಂತ ಮರ್ಯಾದೆಯಿಂದ ತಿಳಿಸಿ ಕಳಿಸಿ. ಒಂದೇ ಸಲಕ್ಕೆ ಇಬ್ಬರಿಗೆ ಕಳಿಸಿ ಇಬ್ಬರೂ ಹಾಕಿಬಿಟ್ಟರೆ ಎರಡು ಬಾಗಿಲೂ ಮುಚ್ಚುತ್ತವೆ. ಯೂನಿಕೋಡ್‌ನಲ್ಲೇ ಟೈಪ್ ಮಾಡಿ. ಹಳೇ ನುಡಿ, ಬರಹ ಫಾಂಟ್‌ನಲ್ಲಿ ಇದ್ದರೆ ಪರಿವರ್ತನೆ ಮಾಡಿ, ಒತ್ತಕ್ಷರಗಳು ಸರಿ ಇವೆಯಾ ನೋಡಿ ಕಳಿಸಿ. ಪಿಡಿಎಫ್ ಬೇಡವೇ ಬೇಡ.

ಹೆಜ್ಜೆ 7: ಪ್ರಬಂಧದ ಭಾಷೆ ಬಿಚ್ಚಿಡಿ

ನನ್ನ ಪ್ರಬಂಧದಲ್ಲಿ ಒಂದು ವಾಕ್ಯ ಇದೆ: 'ಸಮುದಾಯಾಧಾರಿತ ಜಲನಿರ್ವಹಣಾ ವ್ಯವಸ್ಥೆಯ ಸಾಂಸ್ಥಿಕ ಶಿಥಿಲೀಕರಣವು ವಿತರಣಾ ಅಸಮಾನತೆಗೆ ಎಡೆಮಾಡಿಕೊಟ್ಟಿದೆ.' ಪತ್ರಿಕೆಯಲ್ಲಿ ಅದನ್ನು ಹೀಗೆ ಬರೆದೆ: 'ನೀರಗಂಟಿ ಹೋದ ಮೇಲೆ ತೂಬಿನ ಹತ್ತಿರದ ಗದ್ದೆಯವರಿಗೆ ನೀರು ಜಾಸ್ತಿಯಾಯಿತು, ಕೊನೆಯ ಗದ್ದೆಯವರಿಗೆ ಬರುವುದು ನಿಂತಿತು.' ಎರಡನೆಯದನ್ನು ಬರೆಯೋಕೆ ನಾನು ನಕ್ಷೆ ತೆಗೆದು, ಯಾವ ಗದ್ದೆ ತೂಬಿಗೆ ಹತ್ತಿರ ಅಂತ ಮತ್ತೆ ನೋಡಬೇಕಾಯಿತು. ಆಗ ಒಂದು ಊರಲ್ಲಿ ನನ್ನ ಲೆಕ್ಕ ತಪ್ಪಿರುವುದು ಸಿಕ್ಕಿತು, ಅಲ್ಲಿ ಕೊನೆಯ ಗದ್ದೆಯವರು ಬೋರ್‌ವೆಲ್ ಹಾಕಿಸಿಕೊಂಡಿದ್ದರು. ಪ್ರಬಂಧದ ಆ ವಾಕ್ಯವನ್ನೂ ತಿದ್ದಿದೆ. ಪತ್ರಿಕೆಗೆ ಬರೆದರೆ ಸಂಶೋಧನೆ ಹಾಳಾಗುತ್ತೆ ಅನ್ನುವವರಿಗೆ ನಾನು ಈ ಗದ್ದೆಯ ವಿಷಯ ಹೇಳುತ್ತೇನೆ.

ಬರೆದಾದ ಮೇಲೆ ಜೋರಾಗಿ ಓದಿ. ಉಸಿರು ಸಿಕ್ಕಿಹಾಕಿಕೊಂಡ ಕಡೆ ವಾಕ್ಯ ಮುರಿಯಿರಿ. ನಿಮ್ಮ ವಿಷಯದ ಒಳಗಿನ ಜನ ಬಳಸುವ ಮಾತುಗಳನ್ನು ಮಾತ್ರ ಬಿಡಬೇಡಿ. ತೂಬು, ಕೋಡಿ, ಅಚ್ಚುಕಟ್ಟು ಅನ್ನುವ ಮಾತುಗಳಿಗೆ ಬದಲಿ ಪದ ಹುಡುಕಿದರೆ ಲೇಖನದ ಉಪ್ಪೇ ಹೋಗುತ್ತದೆ.

ಹೆಜ್ಜೆ 8: ಬೆಳಗ್ಗೆ ಪ್ರಬಂಧಕ್ಕೆ

ಬೆಳಗ್ಗೆ ಮೂರು ಗಂಟೆಗಳಷ್ಟು ಹೊತ್ತು ಪ್ರಬಂಧದ್ದು, ಅದನ್ನು ಯಾವ ಸಂಪಾದಕರಿಗೂ ಕೊಡಬೇಡಿ. ಲೇಖನದ ಕೆಲಸಕ್ಕೆ ಶನಿವಾರ ಪೂರ್ತಿ, ವಾರದಲ್ಲಿ ಒಂದು ಸಂಜೆ. ತಿಂಗಳಿಗೆ ಎರಡಕ್ಕಿಂತ ಜಾಸ್ತಿ ಒಪ್ಪಿಕೊಳ್ಳಬೇಡಿ. ಟಿವಿ ಚರ್ಚೆಗೆ ಸಂಜೆ ಐದಕ್ಕೆ ಫೋನ್ ಮಾಡಿ ಏಳಕ್ಕೆ ಬನ್ನಿ ಅನ್ನುತ್ತಾರೆ. ಅದು ನಿಮ್ಮದೇ ವಿಷಯವಾದರೆ ಹೋಗಿ, ಇಲ್ಲದಿದ್ದರೆ ಗೊತ್ತಿರುವ ಬೇರೆಯವರ ಹೆಸರು ಹೇಳಿ.

ಹೆಜ್ಜೆ 9: ದುಡ್ಡು, ಕಾಗದ

ನನ್ನ ಮೊದಲ ಲೇಖನಕ್ಕೆ ಬಂದದ್ದು 800 ರೂಪಾಯಿ. ಒಂದು ಕಡೆಯಿಂದ ಹನ್ನೊಂದು ತಿಂಗಳಾದ ಮೇಲೆ ಬಂತು, ಇನ್ನೊಂದು ಕಡೆಯಿಂದ ಬರಲೇ ಇಲ್ಲ. ಅವತ್ತು ಕೇಳೋಕೆ ನಾಚಿಕೆಯಾಗಿತ್ತು. ಈಗ ಒಪ್ಪಿಕೊಳ್ಳುವಾಗಲೇ ಕೇಳುತ್ತೇನೆ: ಗೌರವಧನ ಎಷ್ಟು, ಯಾವಾಗ ಬರುತ್ತೆ, ಫೋಟೊಗೆ ಬೇರೆ ಇದೆಯಾ. ಪ್ರಕಟವಾದ ದಿನವೇ ಬಿಲ್ ಕಳಿಸಿ. ದಿನಾಂಕ, ಲೇಖನದ ಹೆಸರು, ಮೊತ್ತ, ಪ್ಯಾನ್, ಬ್ಯಾಂಕ್ ವಿವರ ಇಷ್ಟಿದ್ದರೆ ಸಾಕು. ಒಂದು ಬೇರೆ ಉಳಿತಾಯ ಖಾತೆ ತೆರೆದರೆ ಲೆಕ್ಕ ಸುಲಭ.

ಒಂದೇ ಸಂಸ್ಥೆಯಿಂದ ವರ್ಷಕ್ಕೆ 50,000 ರೂಪಾಯಿಗಿಂತ ಜಾಸ್ತಿ ಬಂದರೆ ಸಾಮಾನ್ಯವಾಗಿ 10% ಟಿಡಿಎಸ್, ಅಂದರೆ ಕೊಡುವಾಗಲೇ ಮುರಿದುಕೊಳ್ಳುವ ಆದಾಯ ತೆರಿಗೆ, ಹಿಡಿಯುತ್ತಾರೆ. 2025ರ ಮಾರ್ಚ್‌ವರೆಗೆ ಈ ಮಿತಿ 30,000 ಇತ್ತು. ಪ್ಯಾನ್ ಕೊಡದಿದ್ದರೆ 20% ಹಿಡಿಯುತ್ತಾರೆ. ಹಿಡಿದ ದುಡ್ಡು ತೆರಿಗೆ ಇಲಾಖೆಯ ಪೋರ್ಟಲ್‌ನಲ್ಲಿ ನಿಮ್ಮ ಪ್ಯಾನ್ ಅಡಿಯಲ್ಲಿ ಕಾಣುತ್ತದೆ, ರಿಟರ್ನ್ಸ್ ಹಾಕಿದರೆ ತೆರಿಗೆ ಕಳೆದು ಉಳಿದದ್ದು ವಾಪಸ್ ಬರುತ್ತದೆ. ತುಂಬಾ ಜನ ಸಂಶೋಧಕರು ರಿಟರ್ನ್ಸ್ ಹಾಕದೆ ಈ ದುಡ್ಡು ಬಿಟ್ಟುಬಿಡುತ್ತಾರೆ, ಹಾಗೆ ಮಾಡಬೇಡಿ.

ಹಕ್ಕಿನ ವಿಷಯ ಇನ್ನೂ ಮುಖ್ಯ. ನೀವು ಪತ್ರಿಕೆಯ ನೌಕರರಲ್ಲ, ಆದ್ದರಿಂದ 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಬರೆದದ್ದು ಮೊದಲು ನಿಮ್ಮದೇ. ಹಕ್ಕು ವರ್ಗಾವಣೆ ಆಗಬೇಕಾದರೆ ನಿಮ್ಮ ಸಹಿ ಇರುವ ಬರವಣಿಗೆ ಬೇಕು. ಆ ಪತ್ರದಲ್ಲಿ ಎಷ್ಟು ವರ್ಷ ಅಂತ ಇಲ್ಲದಿದ್ದರೆ 5 ವರ್ಷ, ಎಲ್ಲಿಗೆ ಅಂತ ಇಲ್ಲದಿದ್ದರೆ ಭಾರತದೊಳಗೆ ಮಾತ್ರ ಅಂತ ಕಾನೂನು ತಿಳಿಯುತ್ತದೆ. 'ಎಲ್ಲ ಹಕ್ಕುಗಳು, ಎಲ್ಲ ಕಾಲಕ್ಕೂ' ಅನ್ನುವ ಸಾಲು ಕಂಡರೆ ಅಲ್ಲಿ ನಿಲ್ಲಿ. ಮುಂದೆ ಪುಸ್ತಕದಲ್ಲಿ ಸೇರಿಸಿಕೊಳ್ಳುವ ಹಕ್ಕು ನನಗಿರಲಿ ಅಂತ ಒಂದು ಸಾಲು ಸೇರಿಸಲು ಕೇಳಿ. ನಾನು ಕೇಳಿದ ಕಡೆಯಲ್ಲೆಲ್ಲ ಒಪ್ಪಿದ್ದಾರೆ.

ಹೆಜ್ಜೆ 10: ಕೊನೆಯ ವರ್ಷದ ಲೆಕ್ಕ

ಜೆಆರ್‌ಎಫ್, ಎಸ್‌ಆರ್‌ಎಫ್ ಎರಡೂ ಸೇರಿ ದುಡ್ಡು ಬರುವುದು 5 ವರ್ಷ. 2022ರ ಯುಜಿಸಿ ನಿಯಮದಲ್ಲಿ ಪಿಎಚ್‌ಡಿಗೆ ಇರುವ ಕಾಲ 6 ವರ್ಷ, ಅದರ ಮೇಲೆ ವಿಸ್ತರಣೆ ಬೇರೆ. ಸಲ್ಲಿಸಿದ ಮೇಲೆ ವೈವಾ ಆಗೋಕೆ ಇನ್ನೂ ತಿಂಗಳುಗಳು ಹಿಡಿಯುತ್ತವೆ. ಕೈಯಲ್ಲಿ ಫೆಲೋಶಿಪ್ ಇಲ್ಲ, ಪದವಿಯೂ ಇಲ್ಲ ಅನ್ನುವ ಆ ಅಂತರದಲ್ಲೇ ಬರವಣಿಗೆಯ ದುಡ್ಡು ನಿಜವಾಗಿ ಬೇಕಾಗುವುದು. ಆದರೆ ಸಲ್ಲಿಸುವ ಮುಂಚಿನ ಆರು ತಿಂಗಳು ಲೇಖನ ಪೂರ್ತಿ ನಿಲ್ಲಿಸಬೇಕು. ನಾನು ನನ್ನ ಸಂಪಾದಕರಿಗೆಲ್ಲ ದಿನಾಂಕ ಹಾಕಿ ಪತ್ರ ಬರೆದೆ: ಇಂಥ ತಿಂಗಳವರೆಗೆ ಬರೆಯಲ್ಲ, ಅದಾದ ಮೇಲೆ ಈ ಮೂರು ವಿಷಯಗಳ ಮೇಲೆ ದೊಡ್ಡ ಲೇಖನ ಕೊಡುತ್ತೇನೆ, ಜಾಗ ಇಟ್ಟಿರಿ ಅಂತ. ಮೂವರಲ್ಲಿ ಇಬ್ಬರು ಜಾಗ ಇಟ್ಟಿದ್ದರು. ಸಲ್ಲಿಸಿ ಬಂದ ಮಾರನೇ ದಿನ ಎರಡನೇ ನೋಟ್‌ಬುಕ್ ತೆಗೆದೆ. ಎಪ್ಪತ್ತರಲ್ಲಿ ಐವತ್ತೆಂಟು ವಿಷಯ ಇನ್ನೂ ಹಾಗೇ ಕೂತಿದ್ದವು.